ಹೊಸ ಆಕಾಶ 11

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ತಾರಾಲಯದ ನಿರ್ದೇಶಕರು ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರದೆ, "ನಮ್ಮ ಆಕಾಶ ಹೋಯ್ತು" ಅಂದರು.

ಹೆಡ್ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದು ಇನ್ಸ್‌ಪೆಕ್ಟರ್ ಕಡೆ ನೋಡಿದ. "ಏನಂತ ಬರ್ಕೊಳ್ಳಲಿ ಮೇಡಂ? ನಕ್ಷತ್ರ ಎಷ್ಟು ಅಂತಾನೂ ಹಾಕ್ಬೇಕಾ?"

"ತಮಾಷೆ ಸಾಕು. ಸರ್, ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಬೆಳಿಗ್ಗೆ ಹತ್ತೂವರೆಗೆ 'ಹೊಸ ಆಕಾಶ' ಎಂಬ ಪ್ರದರ್ಶನದ ಉದ್ಘಾಟನೆ ಇತ್ತು. ಚಿತ್ರವೂ ಹೊಸದು, ವಿವರಣೆಯ ಧ್ವನಿಯೂ ಹೊಸದು. ಗುಮ್ಮಟದ ಕೆಳಗೆ ಜನ ತುಂಬಿ, ದೀಪ ಆರಿದ ಮೇಲೆ ನೋಡಿದರೆ ಕಂಪ್ಯೂಟರಿನಲ್ಲಿ ಆ ಪ್ರದರ್ಶನವೇ ಇಲ್ಲ. ಯಾರೋ ಅಳಿಸಿದ್ದರು. ಆಪರೇಟರ್ ಬೇರೆ ದಾರಿ ಕಾಣದೆ ಹಳೆಯದನ್ನೇ ಹಾಕಿದಳು.

"ಬೇರೆ ಕಾಪಿ ಇಲ್ವಾ?"

"ಚಿತ್ರದ್ದು ಇದೆ. ಧ್ವನಿದು ಇಲ್ಲ, ಅದನ್ನ ಇಲ್ಲೇ ರೆಕಾರ್ಡ್ ಮಾಡಿದ್ವಿ. ಓದಿದ ಹುಡುಗಿಗೆ ಅದು ಮೊದಲನೇ ಕೆಲಸ. ಬೆಳಿಗ್ಗೆಯಿಂದ ಒಂದೇ ಸಮ ಅಳ್ತಿದ್ದಾಳೆ."

"ಹಳೇದು ಇನ್ನೂ ಯಾಕಿತ್ತು?"

"ಇವತ್ತು ಸಂಜೆ ಅಳಿಸಿ ಅಂತ ಆರ್ಡರ್ ಮಾಡಿದ್ದೆ. ಎರಡೂ ಇಟ್ರೆ ಬೇರೇದಕ್ಕೆ ಜಾಗ ಉಳಿಯಲ್ಲ."

"ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಗೇಟಿನವನನ್ನ ಕೇಳಿದೆ. ಅತಿಥಿಗಳಿಗಿಂತ ಮುಂಚೆ ಹೊರಗಿನವರು ಒಬ್ಬರೂ ಬಂದಿಲ್ಲ."

ಎಫ್‌ಐಆರ್ ದಾಖಲಾಯಿತು. ಮೂರು ಗಂಟೆಗೆ ಪೊಲೀಸರಿಬ್ಬರೂ ಸ್ಥಳಕ್ಕೆ ಹೋದರು. ತಾರಾಲಯದ ಬಾಗಿಲ ಮೇಲಿನ ಬೋರ್ಡಿನಲ್ಲಿ ಕೆಂಪು ದೀಪದ ಅಕ್ಷರಗಳು ಇನ್ನೂ ಉರಿಯುತ್ತಿದ್ದವು: 'ಇಂದಿನ ಪ್ರದರ್ಶನ: ಹೊಸ ಆಕಾಶ 11'.

"ಹತ್ತು ಆಕಾಶ ಆಗಲೇ ಮುಗಿದು ಹೋಗಿದಾವೆ ಮೇಡಂ," ಹೆಡ್ ಕಾನ್‌ಸ್ಟೆಬಲ್ ಅಂದ. "ನಾವು ಠಾಣೆಲಿ ಕೂತು ನೋಡ್ಲೇ ಇಲ್ಲ."

ನಿಯಂತ್ರಣ ಕೋಣೆ ಗುಮ್ಮಟದ ಹಿಂಬದಿಯಲ್ಲಿ, ಕಡಿದಾದ ಮೆಟ್ಟಿಲ ಮೇಲಿತ್ತು. ಮೇಜಿನ ಕೆಳಗೆ ಎರಡು ಕಂಪ್ಯೂಟರ್. ಮೇಲೆ ಒಂದೇ ಪರದೆ, ಒಂದೇ ಕೀಬೋರ್ಡು, ಒಂದೇ ಮೌಸು. ಪಕ್ಕದಲ್ಲಿ ಅಂಗೈಯಗಲದ ಕಪ್ಪು ಪೆಟ್ಟಿಗೆ, ಅದಕ್ಕೆ ಎರಡು ಗುಂಡಿ, ಎರಡು ಹಸಿರು ದೀಪ.

ಆಪರೇಟರ್ ನಲವತ್ತು ದಾಟಿದ ಹೆಂಗಸು. ಮಾತಾಡುವಾಗ ಬಳೆ ಸದ್ದಾಗದಂತೆ ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. "ಒಂದನೇದು ಆಕಾಶ ನಡೆಸತ್ತೆ ಮೇಡಂ. ಎರಡನೇದು ಬಾಗಿಲಿನ ಬೋರ್ಡು. ಈ ಸ್ವಿಚ್ಚು ಯಾವ ಕಡೆಗಿರತ್ತೋ, ನಾವು ಒತ್ತಿದ್ದು ಆ ಕಡೆಗೆ ಹೋಗತ್ತೆ. ಇನ್ನೊಂದು ಸುಮ್ಮನೆ ಕಾಯ್ತಾ ಇರತ್ತೆ."

ಇನ್ಸ್‌ಪೆಕ್ಟರ್ ಆ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿದಳು. ಅದೇ ಬೆರಳು ಒಂದು ಗಳಿಗೆ ಬಾಗಿಲಿನ ಬೋರ್ಡು ಬರೆಯುತ್ತದೆ, ಮರುಗಳಿಗೆ ಗ್ರಹಗಳನ್ನು ತಿರುಗಿಸುತ್ತದೆ. ಠಾಣೆಯಿಂದ ಮನೆಗೆ ಹೋದಾಗ ತಾನೂ ಹೀಗೆ ಒಳಗೆಲ್ಲೋ ಒಂದು ಗುಂಡಿ ಒತ್ತಬೇಕು. ಕೆಲವು ದಿನ ಒತ್ತಿದರೂ ಬದಲಾಗುವುದಿಲ್ಲ. ಊಟಕ್ಕೆ ಕೂತ ಮಗಳ ಹೇಳಿಕೆ ತೆಗೆದುಕೊಳ್ಳತೊಡಗುತ್ತಾಳೆ.

"ಬೆಳಿಗ್ಗೆ ನೀವೆಲ್ಲಿದ್ರಿ?"

"ಬೋರ್ಡು ಬರೆದು, ಕುರ್ಚಿ ನೋಡ್ಕೊಳ್ಳೋಕೆ ಕೆಳಗೆ ಹೋದೆ. ಅರ್ಧ ಗಂಟೆ ಆಗಿರಬಹುದು."

"ಬೀಗ?"

"ಹಾಕಿರ್ಲಿಲ್ಲ."

ಸ್ಥಳ ಪಂಚನಾಮೆ ಮುಗಿದ ಮೇಲೆ ಇನ್ಸ್‌ಪೆಕ್ಟರ್, "ಬೆಳಿಗ್ಗೆ ಜನ ನೋಡಿದ್ದನ್ನ ನಮಗೂ ತೋರಿಸಿ" ಅಂದಳು.

ಖಾಲಿ ಕುರ್ಚಿಗಳ ನಡುವೆ ಇಬ್ಬರೂ ಒರಗಿ ಕೂತರು. ದೀಪ ಒಂದೊಂದಾಗಿ ಆರಿತು. ತನ್ನ ಕೈ ತನಗೇ ಕಾಣದಷ್ಟು ಕತ್ತಲಾದಾಗ ಒಂದು ಹೆಣ್ಣು ಧ್ವನಿ, ಎಲ್ಲೋ ಮೇಲಿನಿಂದಲ್ಲ, ಪಕ್ಕದ ಕುರ್ಚಿಯಿಂದಲೇ ಎಂಬಂತೆ ಕೇಳಿಸಿತು.

"ಹೆದರಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಅವಸರವಿಲ್ಲ."

ಆಮೇಲೆ ಒಂದು ಚುಕ್ಕಿ. ಇನ್ನೊಂದು. ಲೆಕ್ಕ ತಪ್ಪುವಷ್ಟು. ತಲೆಯ ಮೇಲೆ ಗುಮ್ಮಟವೇ ಇಲ್ಲವಾಗಿ, ಕುರ್ಚಿ ತನ್ನನ್ನು ಹೊತ್ತು ನಿಧಾನ ತಿರುಗುತ್ತಿದೆ ಅನ್ನಿಸಿತು. "ಈಗ ನೀವು ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಲ್ಲ," ಅಂದಿತು ಧ್ವನಿ. "ಆ ನಕ್ಷತ್ರ ಈಗ ಇದೆಯೋ ಇಲ್ಲವೋ, ಹೇಳಲಾರೆವು. ಬೆಳಕಂತೂ ಬಂದು ತಲುಪಿದೆ." ಇನ್ಸ್‌ಪೆಕ್ಟರ್‌ಗೆ ತೊಡೆಯ ಮೇಲಿಟ್ಟಿದ್ದ ಟೋಪಿ ಕೆಳಗೆ ಬಿದ್ದದ್ದು ತಿಳಿಯಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ತನಗೆ ಯಾರೂ 'ಅವಸರವಿಲ್ಲ' ಅಂದಿರಲಿಲ್ಲ.

ದೀಪ ಬಂದಾಗ ಹೆಡ್ ಕಾನ್‌ಸ್ಟೆಬಲ್ ಕಣ್ಣೊರೆಸಿಕೊಳ್ಳುತ್ತಿದ್ದ. "ಧೂಳು ಮೇಡಂ," ಅಂದ. ಸ್ವಲ್ಪ ಹೊತ್ತಿಗೆ, "ಈ ಧ್ವನಿಯವರನ್ನ 'ಕತ್ತಲತ್ತೆ' ಅಂತಿದ್ವಿ ನಾವು. ಸ್ಕೂಲಿಂದ ಕರ್ಕೊಂಡು ಬಂದಾಗ ಎಲ್ಲ ಹುಡುಗರೂ ಇವರ ಧ್ವನಿ ಕೇಳಿದ ಮೇಲೇ ಅಳು ನಿಲ್ಲಿಸ್ತಿದ್ದಿದ್ದು."

"ಯಾರವರು?"

ಮೆಟ್ಟಿಲ ಮೇಲೆ ನಿಂತಿದ್ದ ಆಪರೇಟರ್ ಹೇಳಿದಳು: "ನಮ್ಮಕ್ಕ. ನನಗಿಂತ ಮುಂಚೆ ಇದೇ ಕುರ್ಚಿಲಿ ಕೂರ್ತಿದ್ದಳು. ಗಂಟಲು ಆಪರೇಷನ್ ಆಯ್ತು. ಈಗ ಧ್ವನಿ ಇಲ್ಲ."

ಸೋಮವಾರ ಬೆಳಿಗ್ಗೆ ಕರೆಯದೆಯೇ ಆಪರೇಟರ್ ಠಾಣೆಗೆ ಬಂದಳು. "ನಾನೇ ಅಳಿಸಿದ್ದು. ಬರ್ಕೊಳ್ಳಿ."

"ಯಾಕೆ?"

"ಅಕ್ಕನ ಧ್ವನಿ ಅಳಿಸೋಕೆ ಮನಸ್ಸಾಗ್ಲಿಲ್ಲ."

"ಹೇಗೆ ಅಳಿಸಿದ್ರಿ?"

"ಕಂಪ್ಯೂಟರಲ್ಲಿ."

"ಬನ್ನಿ, ತೋರಿಸಿ."

ನಿಯಂತ್ರಣ ಕೋಣೆಯಲ್ಲಿ ಪರದೆಯ ಮೇಲೆ ಬೋರ್ಡಿನ ಪುಟವಿತ್ತು; ಶನಿವಾರದ ಬರಹ ಅಳಿಸಿ 'ಇಂದು ರಜೆ' ಎಂದು ಬರೆದಿತ್ತು. "ಶನಿವಾರ ನೀವು ಕೆಳಗೆ ಹೋದಾಗ ಇದೇ ತೆರೆದಿತ್ತಲ್ವಾ? ಈಗ ಆಕಾಶಕ್ಕೆ ಹೋಗಿ," ಅಂದಳು ಇನ್ಸ್‌ಪೆಕ್ಟರ್.

ಆಪರೇಟರ್ ಕೀಬೋರ್ಡು ನೋಡಲೂ ಇಲ್ಲ. ಮೂಲೆಯ 'ಕಂಟ್ರೋಲ್' ಕೀಲಿಯನ್ನು ಎರಡು ಸಲ ತಟ್ಟಿ 1 ಒತ್ತಿದಳು. ಟಿಕ್ ಎಂದಿತು ಪೆಟ್ಟಿಗೆ. ಪರದೆ ಬದಲಾಯಿತು.

"ವಾಪಸ್ ಬನ್ನಿ. ಇನ್ನೊಂದು ಸಲ."

ಮತ್ತೆ ಹಾಗೇ. ಬೋರ್ಡಿನ ಪುಟದಲ್ಲಿ ಒಂದು ಅಕ್ಷರವೂ ಹೆಚ್ಚಾಗಲಿಲ್ಲ.

"ಹಾಗಾದ್ರೆ ಹೊಸ ಆಕಾಶದ ಮುಂದೆ 11 ಎಲ್ಲಿಂದ ಬಂತು?"

"ಕೈತಪ್ಪಿ."

"ಈ ಪೆಟ್ಟಿಗೆ ಯಾವಾಗಿನದು?"

ಬಾಗಿಲಲ್ಲಿ ನಿಂತಿದ್ದ ನಿರ್ದೇಶಕರು ಹೇಳಿದರು, "ಹೋದ ತಿಂಗಳು ಹಾಕ್ಸಿದ್ದು. ಹಳೇದು ಕೆಟ್ಟಿತ್ತು."

"ಹಳೇದರಲ್ಲಿ ಯಾವ ಕೀಲಿ ತಟ್ಟಬೇಕಿತ್ತು?"

"ಸ್ಕ್ರಾಲ್ ಲಾಕ್ ಅಂತ, ಬಲಗಡೆ ಮೇಲಿದೆ ನೋಡಿ. ಅದನ್ನ ಎರಡು ಸಲ, ಆಮೇಲೆ 1."

ಇನ್ಸ್‌ಪೆಕ್ಟರ್ ತಾನೇ ಹಾಗೆ ಒತ್ತಿದಳು. ಪೆಟ್ಟಿಗೆ ಮಿಸುಕಲಿಲ್ಲ. ಪುಟದ ಕೊನೆಗೆ ಒಂದು 1 ಬಂದು ಕೂತಿತು. ಇನ್ನೊಮ್ಮೆ ಒತ್ತಿದಳು. 11. ಕೆಳಗೆ ಬಾಗಿಲ ಮೇಲೂ ಈಗ ಅದೇ ಉರಿಯುತ್ತಿರುತ್ತದೆ. ಎರಡು ಸಲ ಸೋತ ಮೇಲೆ ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು, ಪೆಟ್ಟಿಗೆಯ ಗುಂಡಿಯನ್ನು ಬೆರಳಿಂದ ಒತ್ತಿದಳು. ಆಕಾಶ ಬಂತು.

"ಶನಿವಾರ ಇಲ್ಲಿ ಕೂತಿದ್ದವರಿಗೆ ಕೋಣೆಯ ಅಭ್ಯಾಸ ಚೆನ್ನಾಗಿತ್ತು. ಪೆಟ್ಟಿಗೆ ಬದಲಾಗಿದ್ದು ಮಾತ್ರ ಗೊತ್ತಿರಲಿಲ್ಲ," ಅಂದಳು. "ಬೋರ್ಡು ನೋಡಿದ ಕೂಡಲೇ ನಿಮಗೆ ಗೊತ್ತಾಯ್ತು. ಅಲ್ವಾ?"

ಆಪರೇಟರ್ ಬಳೆಯ ಕೈ ಬಿಟ್ಟಳು. ಬಳೆ ಸದ್ದಾಯಿತು.

ಗೇಟಿನವನನ್ನು ಕರೆಸಿದರು. "ಹೊರಗಿನವರು ಯಾರೂ ಬಂದಿಲ್ಲ ಅಂದ್ಯಲ್ಲ?"

"ಇಲ್ಲ ಮೇಡಂ."

"ಇವರ ಅಕ್ಕ?"

"ಬಂದಿದ್ರು, ತಂಗಿ ಕನ್ನಡಕ ಮರೆತಿದ್ದಾಳೆ ಅಂತ. ಆದ್ರೆ ಅವರು ಹೊರಗಿನವರಾ?"

ಆಕಾಶದ ಕಂಪ್ಯೂಟರನ್ನು ಪಂಚರ ಮುಂದೆ ಜಪ್ತಿ ಮಾಡಿ ಅರಗು ಹಾಕಿದರು. ನಿರ್ದೇಶಕರು ಚಡಪಡಿಸಿದರು. "ಬೇರೆ ಕಂಪ್ಯೂಟರ್ ತರಿಸ್ತೀವಿ, ಅದು ಸರಿ. ಆ ಹಳೇ ಫೈಲು ಮಾತ್ರ ಅಳಿಸಿಬಿಡ್ಲಾ?"

"ಇದು ಈಗ ಮುದ್ದೆಮಾಲು ಸರ್. ಕೋರ್ಟು ಹೇಳೋವರೆಗೆ ಇದರೊಳಗಿನ ಒಂದಕ್ಷರಾನೂ ಮುಟ್ಟೋ ಹಾಗಿಲ್ಲ."

ಸಂಜೆ ಆಪರೇಟರ್ ಜೊತೆ ಅಕ್ಕನ ಮನೆಗೆ ಹೋದಾಗ ಅವರು ತಾರಸಿಯ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಕುತ್ತಿಗೆಗೆ ಹತ್ತಿಯ ಬಟ್ಟೆ ಸುತ್ತಿತ್ತು. ಬಾಯಿಂದ ಬರುತ್ತಿದ್ದುದು ಉಸಿರು, ಅದಕ್ಕೆ ಮಾತಿನ ಆಕಾರ ಅಷ್ಟೇ. ಕೇಳಿಸಿಕೊಳ್ಳಲು ಇನ್ಸ್‌ಪೆಕ್ಟರ್ ಹತ್ತಿರ ಬಾಗಬೇಕಾಯಿತು. ಬಾಗಿದಾಗ ಅವಳ ಧ್ವನಿಯೂ ತಾನಾಗಿ ತಗ್ಗಿತು.

"ಶನಿವಾರ ನಿಯಂತ್ರಣ ಕೋಣೆಗೆ ಹೋಗಿದ್ರಾ?"

"ಹೋಗಿದ್ದೆ." ತಂಗಿಯ ಕಡೆ ನೋಡಿದರು. "ಸ್ವಿಚ್ಚು ಬದಲಾಯಿಸಿದ್ದು ನೀನು ನನಗೆ ಹೇಳ್ಲೇ ಇಲ್ಲ."

"ಕೇಳಿದ್ಯಾ ನೀನು?" ತಂಗಿ ಗದರಿದಳು. ಗದರುತ್ತಲೇ ಅಳತೊಡಗಿದಳು. "ನಾನು ಒಪ್ಕೊಂಡು ಬಂದಿದ್ದೆ ಅಕ್ಕ. ಮುಗಿದಿತ್ತು."

"ನಿನಗೆ ಸುಳ್ಳು ಹೇಳೋಕೆ ಯಾವಾಗ ಬಂದಿತ್ತು?"

ಇನ್ಸ್‌ಪೆಕ್ಟರ್ ಕೇಳಿದಳು, "ಯಾಕೆ ಅಳಿಸಿದ್ರಿ?"

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. "ಜನ ತುಂಬಿದ ಗುಮ್ಮಟದಲ್ಲಿ ನನ್ನ ಧ್ವನಿ ಒಂದು ಸಲ ಕೇಳ್ಬೇಕಿತ್ತು. ಹಿಂದಿನ ಸಾಲಲ್ಲಿ ಕೂತಿದ್ದೆ. ನಾನು 'ಹೆದರಬೇಡಿ' ಅಂದೆ ನೋಡಿ, ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟರು." ಸ್ವಲ್ಪ ಸುಧಾರಿಸಿಕೊಂಡರು. "ಆ ಹುಡುಗಿ ಅಳ್ತಾ ಇದ್ದಾಳಂತೆ. ನಾನು ಅಳಿಸಿದ್ದು ಏನು ಅಂತ ನನಗೆ ಗೊತ್ತು ಮೇಡಂ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರತ್ತೆ? ಶಿಕ್ಷೆ ಬೇಡ ಅನ್ನಲ್ಲ."

ಹೆಡ್ ಕಾನ್‌ಸ್ಟೆಬಲ್ ಆಕಾಶ ನೋಡಿದ. ಹೊತ್ತು ಮುಳುಗಿತ್ತು. ಸೂರ್ಯಾಸ್ತದ ನಂತರ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಇನ್ಸ್‌ಪೆಕ್ಟರ್ ಬೆಳಿಗ್ಗೆ ಬರುವುದಾಗಿ ಹೇಳಿದಳು. ಆದರೂ ತಕ್ಷಣ ಯಾರೂ ಕೆಳಗಿಳಿಯಲಿಲ್ಲ. ಬೀದಿಯ ದೀಪಗಳ ಮೇಲೆ, ಗುಮ್ಮಟದ್ದಲ್ಲದ ಆಕಾಶದಲ್ಲಿ, ಮೊದಲ ಚುಕ್ಕಿ ಮೂಡುತ್ತಿತ್ತು. ಅಕ್ಕ ಬೆರಳೆತ್ತಿ ತೋರಿಸಿದರು. ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಮಾತ್ರ ಕೇಳಿಸಿದವನಂತೆ ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವರನ್ನು ದಸ್ತಗಿರಿ ಮಾಡಲಾಯಿತು. ಬಾಗಿಲಲ್ಲೇ ತಯಾರಾಗಿ ಕೂತಿದ್ದರು. ತಂಗಿ ಒಂದು ಕೈಚೀಲ ಕೊಟ್ಟಳು. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಅವರ ಪಕ್ಕ ಕೂತಳು.

"ಆ ಕಂಪ್ಯೂಟರ್ ಈಗ ಎಲ್ಲಿದೆ?" ಅಕ್ಕ ಉಸುರಿದರು.

"ಠಾಣೆಯ ಮಾಲಿನ ಕೋಣೆಲಿ. ಅರಗು ಹಾಕಿ ಬೀಗ ಹಾಕಿದ್ದೀವಿ."

"ಎಷ್ಟು ದಿನ ಇರತ್ತೆ?"

"ಕೇಸು ಮುಗಿಯೋವರೆಗೆ. ನಮ್ಮಲ್ಲಿ ಕೇಸುಗಳು ಬೇಗ ಮುಗಿಯಲ್ಲ."

ಅಕ್ಕ ಮಡಿಲಲ್ಲಿದ್ದ ಕೈಚೀಲವನ್ನು ಪಕ್ಕಕ್ಕಿಟ್ಟರು. ಆಮೇಲೆ ಇನ್ಸ್‌ಪೆಕ್ಟರ್ ಕಿವಿಯ ಬಳಿ ಬಾಗಿ ಕೇಳಿದರು:

"ಅಲ್ಲಿ ಕತ್ತಲಿರತ್ತಾ?"

"ಇರತ್ತೆ. ಕಿಟಕಿ ಇಲ್ಲ."

"ಹಾಗಾದ್ರೆ ಸರಿ," ಅಂದರು. "ಆ ಧ್ವನಿಗೆ ಅಭ್ಯಾಸ ಇದೆ."