ಗಾಲಿ ಕುರ್ಚಿ ಒಂದು, ಅದರಲ್ಲಿ ಕೂತವನೊಬ್ಬ

೧೯೬೧ನೆಯ ಇಸವಿ ಜನವರಿ ಹದಿನಾಲ್ಕು, ಸಂಕ್ರಾಂತಿ ಹಬ್ಬ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪನವರು ಗಿಳಿಯಾಕಾರದ ಸಕ್ಕರೆ ಅಚ್ಚಿನ ತಲೆಯನ್ನು ಆಗಷ್ಟೇ ಕಚ್ಚಿ ಬಾಯಲ್ಲಿಟ್ಟುಕೊಂಡಿದ್ದರು. ಅದೇ ಗಳಿಗೆಗೆ ಜಯನಗರದ ಠಾಣೆಯ ಮೆಟ್ಟಿಲೇರಿ, ಜರಿ ಅಂಚಿನ ಪಂಚೆಯ ಮೇಲೆ ಕೋಟು ತೊಟ್ಟ ಗೃಹಸ್ಥರೊಬ್ಬರು ಏದುಸಿರು ಬಿಡುತ್ತ ಬಂದರು.

"ಕಳ್ಳತನ ಆಗಿದೆ ಇನ್ಸ್‌ಪೆಕ್ಟರೇ! ಗಾಲಿ ಕುರ್ಚಿ ಹೋಯ್ತು. ಫಾರಿನ್ದು. ಪಾಲಿಶ್ ಕೂಡ ಮಾಸಿರ್ಲಿಲ್ಲ."

ಇನ್ಸ್‌ಪೆಕ್ಟರು ಗಿಳಿಯ ತಲೆಯನ್ನು ದವಡೆಗೆ ಸರಿಸಿದರು. "ಎಲ್ಲಿಂದ?"

"ಮೂರನೇ ಬ್ಲಾಕ್‌ನ ಛಾಯಾ ನಿಲಯದಿಂದ. ಅಂಗವಿಕಲರ ನಿಲಯ. ನಾನು ಸೂಪರಿಂಟೆಂಡೆಂಟ್ ಬದರಿನಾಥ."

"ಖಾಲಿ ಕುರ್ಚಿನಾ?"

"ಇಲ್ಲ, ಅದರಲ್ಲಿ ಒಬ್ಬ ಕೂತಿದ್ದ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ವೆಂಕಟಾಚಲನ ಲೇಖನಿ ನಿಂತಿತು. "ಸಾರ್, ಮೊದಲು ಯಾವ್ದು ಬರೀಲಿ?"

"ಮನುಷ್ಯನ್ನ ಬರಿ."

ಮನುಷ್ಯನ ಹೆಸರು ಚಿಕ್ಕಬೈರಪ್ಪ. ವಯಸ್ಸು ಮೂವತ್ತರ ಆಚೀಚೆ. ಚಿಕ್ಕಂದಿನ ಜ್ವರಕ್ಕೆ ಕಾಲೆರಡೂ ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಬುದ್ಧಿಯೂ ಇಲ್ಲವೆಂದು ಬದರಿನಾಥರೇ ಸೇರಿಸಿದರು. ಅವರ ಅನುಮಾನ ಮುನಿವೆಂಕಟಮ್ಮ ಎಂಬ ಆಯಾಳ ಮೇಲೆ. ನೆನೆಸಿದ ಅವರೆಕಾಳನ್ನು ಸೆರಗಿನಲ್ಲಿ ಕಟ್ಟಿ ತಂದು, ನಿಲಯದವರ ಕೈಗೆ ಕೊಟ್ಟು ಹಿತುಕಿಸುತ್ತಿದ್ದಳಂತೆ. ನೆಲವೆಲ್ಲ ಸಿಪ್ಪೆ. ನೋಡಲು ಬಂದ ದೊಡ್ಡ ಮನೆತನದ ಹೆಂಗಸೊಬ್ಬರ ಕನ್ನಡಕಕ್ಕೆ ಚಿಕ್ಕಬೈರಪ್ಪ ಹಿತುಕಿದ ಬೇಳೆಯೊಂದು ಹಾರಿ ಬಡಿದ ದಿನವೇ ಅವಳನ್ನು ಕೆಲಸದಿಂದ ತೆಗೆದಿದ್ದರು.

"ಆ ಸಿಟ್ಟಿಗೆ ಅವಳೇ ಅಪಹರಿಸಿದಾಳೆ. ಇವನಿಗೆ ಏನು ತಿಳೀತದೆ?"

ಅಪಹರಣ ಮತ್ತು ಕಳವು ಎಂದು ಎಫ್‌ಐಆರ್ ದಾಖಲಾಯಿತು. ಗಿಳಿಯ ಉಳಿದ ಭಾಗ ಮೇಜಿನ ಮೇಲೇ ಉಳಿಯಿತು.

ಛಾಯಾ ನಿಲಯದ ಅಂಗಳದಲ್ಲಿ ಒಂದು ಒಣಗಿದೆಲೆಯೂ ಇರಲಿಲ್ಲ. ಒಳಗೆ ಹಾಸಿಗೆಗಳು ಅಳತೆಪಟ್ಟಿ ಇಟ್ಟಂತೆ ಸಾಲಾಗಿದ್ದವು. ಗೋಡೆಯುದ್ದಕ್ಕೂ ಚಾಪೆಯ ಮೇಲೆ ಬೆಳೆದ ಗಂಡಸರು, ಹೆಂಗಸರು, ಒಗೆದ ಬಟ್ಟೆ ತೊಟ್ಟು, ಎಣ್ಣೆ ಹಾಕಿ ತಲೆ ಬಾಚಿಸಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಮರುಳಸಿದ್ದಪ್ಪನವರಿಗೆ ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೇಳಿದ ಊರೊಂದು ನೆನಪಾಯಿತು. ಆ ಊರಿನ ಮೇಲೆ ಮಾಟಗಾತಿ ಬೂದಿ ಎರಚಿದ್ದಳು. ತೊಟ್ಟಿಲ ಕೂಸಿನಿಂದ ರಾಜನವರೆಗೆ ಎಲ್ಲರೂ ಇದ್ದ ಕಡೆಯೇ ಕಲ್ಲಾಗಿ, ಏಳು ಕಡಲಾಚೆಯಿಂದ ಯಾರೋ ಬಂದು ಒಂದು ಮಾತು ಕೇಳಲಿ ಎಂದು ಕಾಯುತ್ತಿದ್ದರು.

"ಊಟ ಚೆನ್ನಾಗಿದೆಯೇನ್ರಿ?" ಇನ್ಸ್‌ಪೆಕ್ಟರು ಸಾಲಿನತ್ತ ತಿರುಗಿ ಕೇಳಿದರು.

"ಬಹಳ ಚೆನ್ನಾಗಿದೆ," ಎಂದರು ಬದರಿನಾಥರು.

"ನಾನು ಅವರನ್ನ ಕೇಳ್ದೆ."

ಪಂಚನಾಮೆ ಶುರುವಾಯಿತು. ಎದುರು ಮನೆಯ ಇಬ್ಬರು ಪಂಚರಾಗಿ ನಿಂತರು. ಚಿಕ್ಕಬೈರಪ್ಪನ ಹಾಸಿಗೆಯಡಿ ವೆಂಕಟಾಚಲನಿಗೆ ಸಿಕ್ಕಿದ್ದು ಒಂದು ಹಿಡಿ ಒಣ ಸಿಪ್ಪೆ, ಕಿತ್ತು ಬಿಸಾಡಿದ ಅವರೆಕಾಳಿನ ಅಂಗಿಗಳು. ಇನ್ಸ್‌ಪೆಕ್ಟರು ಮೂಸಿ ನೋಡಿದರು. ಒಣಗಿದ್ದರೂ ಸೊಗಡು ಸತ್ತಿರಲಿಲ್ಲ.

ಚಾಪೆಯ ತುದಿಯಲ್ಲಿದ್ದ ಅಕ್ಕಯಮ್ಮ ಎಂಬ ನಲವತ್ತರ ಹೆಂಗಸಿನ ಮೂಗು ಅರಳಿತು. "ಅವ್ರೆ!" ಎಂದು ಕೈ ಚಾಚಿದಳು. ಕಲ್ಲಿನ ಊರಿನಲ್ಲಿ ಮೊದಲ ರೆಪ್ಪೆ ಬಡಿಯಿತು.

ಇನ್ಸ್‌ಪೆಕ್ಟರು ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಚಿಕ್ಕಬೈರಪ್ಪ ಎಲ್ಲಮ್ಮ?"

"ಜುಂಯ್!" ಅಕ್ಕಯಮ್ಮ ಗೇಟಿನ ಕಡೆ ತೋರಿಸಿದಳು.

"ಯಾರು ತಳ್ಕೊಂಡು ಹೋದ್ರು?"

ಯಾರೂ ಇಲ್ಲವೆಂದು ಅವಳು ತಲೆಯಾಡಿಸಿದಳು. ಆಮೇಲೆ ಎರಡೂ ಕೈಗಳನ್ನು ಪಕ್ಕಕ್ಕೆ ಹಿಡಿದು ಗಾಳಿಯಲ್ಲಿ ಚಕ್ರ ತಿರುಗಿಸಿ ನಕ್ಕಳು. ಸಾಲಿನಲ್ಲಿ ಇನ್ನೂ ಇಬ್ಬರು ಹಾಗೇ ತಿರುಗಿಸಿದರು.

"ಅವಳ ಮಾತು ಲೆಕ್ಕಕ್ಕಿಲ್ಲ ಇನ್ಸ್‌ಪೆಕ್ಟರೇ," ಎಂದರು ಬದರಿನಾಥರು.

"ವೆಂಕಟಾಚಲ, ಮೊದಲನೇ ಸಾಕ್ಷಿ ಅಕ್ಕಯಮ್ಮ. ಬರ್ಕೊ."

ಬದರಿನಾಥರ ಹೇಳಿಕೆ ಹೀಗಿತ್ತು. ಗಾಲಿ ಕುರ್ಚಿ ದಾನವಾಗಿ ಬಂದದ್ದು. ಹಾಳಾಗಬಾರದೆಂದು ಆಫೀಸಿನಲ್ಲಿ ಬಟ್ಟೆ ಹೊದಿಸಿಟ್ಟಿರುತ್ತಾರೆ. ಹಬ್ಬಹರಿದಿನ ನೋಡಲು ಬರುವವರಿದ್ದಾಗ ಹೊರಗೆ ತೆಗೆದು, ಕೊರಳಿಗೆ ಹಾರ ಹಾಕಿ ಚಿಕ್ಕಬೈರಪ್ಪನನ್ನು ಕೂರಿಸುತ್ತಾರೆ. ಬಂದವರು ಹೋದ ಮೇಲೆ ಇಳಿಸಿ ಮತ್ತೆ ಚಾಪೆಗೆ. ಇವತ್ತೂ ಹಾಗೇ ಕೂರಿಸಿದ್ದರು. ಬಂದವರೆಲ್ಲ ಪಡಸಾಲೆಯಲ್ಲಿ ಎಳ್ಳುಬೆಲ್ಲ ತಿನ್ನುತ್ತಿದ್ದಾಗ, ಅವರ ಕಾರುಗಳಿಗೆಂದು ಗೇಟು ತೆರೆದೇ ಇತ್ತು.

ಗೇಟಿನಾಚೆ ಟಾರು ಕಾಣದ ಕೆಂಪು ರಸ್ತೆ. ಧೂಳಿನಲ್ಲಿ ಎರಡು ತೆಳ್ಳನೆಯ ಗೆರೆಗಳು ಹೊಸ ಸೀರೆಯ ಅಂಚಿನಂತೆ ಸಾಗಿದ್ದವು. ಇನ್ಸ್‌ಪೆಕ್ಟರು ಬಗ್ಗಿ ನೋಡಿದರು.

"ನಡುವೆ ಏನಿದೆ ವೆಂಕಟಾಚಲ?"

"ಏನೂ ಇಲ್ಲ ಸಾರ್."

"ಅದೇ. ತಳ್ಳೋನಿದ್ದಿದ್ರೆ ಹೆಜ್ಜೆ ಇರ್ಬೇಕಿತ್ತು."

ಗೆರೆಗಳು ತಿರುವಿನಲ್ಲಿ ಎತ್ತಿನ ಗಾಡಿಯ ಜಾಡಿಗೆ ಸೇರಿ, ಅದರ ಬೆನ್ನಿಗೇ ಬೈರಸಂದ್ರದ ದಾರಿ ಹಿಡಿದಿದ್ದವು. ಆ ದಾರಿಯಲ್ಲೇ ಕೊಳದ ದಂಡೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದವನು ಬೋರಣ್ಣ. ಬೆಳಿಗ್ಗೆ ಅವರೆಕಾಯಿ ಮೂಟೆ ಮಾರಿ, ಹಬ್ಬದ ದಿನ ಎತ್ತುಗಳನ್ನು ಕಿಚ್ಚು ಹಾಯಿಸಬೇಕೆಂದು ಬೇಗ ಗಾಡಿ ತಿರುಗಿಸಿದ್ದ.

"ಕುರ್ಚಿ ಮೇಲೆ ಕೂತಿದ್ದೋನ್ನ ನೋಡ್ದೆಯೇನಪ್ಪ?"

"ನೋಡೋದೇನ್ ಬಂತು ಸ್ವಾಮಿ, ನನ್ ಗಾಡಿ ಹಿಂದ್ಗಡೆ ಹಗ್ಗ ಹಿಡ್ಕೊಂಡೇ ಬಂದ್ನಲ್ಲ! ಯಾಕಿವತ್ತು ಎತ್ತು ಮುಗ್ಗರಿಸ್ತವೆ ಅಂತ ತಿರುಗಿ ನೋಡಿದ್ರೆ, ಮದ್ವೆ ಗಂಡಿನಂಗೆ ಹಾರ ಹಾಕ್ಕೊಂಡು ಕೂತವ್ನೆ."

"ಇಳೀ ಅನ್ನಲಿಲ್ವಾ?"

"ಅಂದೆ. ನಕ್ಬಿಟ್ಟ. ಆ ನಗು ನೋಡಿ ನಾನೂ ಸುಮ್ಕಾದೆ. ಅವ್ರೆ ಸೊಗಡು ಬಂದಿದ್ದೇ, ಆ ಹುಣಸೆಮರದ ಮನೆ ಹತ್ರ ಹಗ್ಗ ಬಿಟ್ಟ."

ಹುಣಸೆಮರದ ಮನೆ ಮುನಿವೆಂಕಟಮ್ಮನದು. ಬದರಿನಾಥರನ್ನೂ ಕೂರಿಸಿಕೊಂಡು ಬಂದ ಜೀಪು ನಿಲ್ಲುವ ಮೊದಲೇ ಸೊಗಡು ಬಂದು ಎದುರುಗೊಂಡಿತು. ಅಂಗಳದಲ್ಲಿ ನೆನೆದ ಅವರೆಕಾಳಿನ ದೊಡ್ಡ ಗುಡಾಣ, ಸುತ್ತ ಕೇರಿಯ ಹೆಂಗಸರು, ಅವರ ನಡುವೆ ಹೊಳೆಯುವ ಕುರ್ಚಿ. ಕುರ್ಚಿಯಲ್ಲಿ ಕೊರಳ ಚೆಂಡುಹೂವಿನ ಹಾರವನ್ನೂ ತೆಗೆಯದ ಚಿಕ್ಕಬೈರಪ್ಪ. ಅವನ ಬೆರಳುಗಳ ನಡುವಿನಿಂದ ಬೇಳೆ ಪಟಪಟನೆ ಜಿಗಿದು ಮೊರಕ್ಕೆ ಬೀಳುತ್ತಿತ್ತು. ಕೆಲವು ಬೇಕೆಂದೇ ಹೆಂಗಸರ ಮುಡಿಗೆ ಬೀಳುತ್ತಿದ್ದವು.

"ಅಯ್ಯೋ ನಿನ್ ಕೈಗೆ ಹಾವು ಕಡಿಯಾ! ಹೂ ಮುಡ್ಕೊಂಡ್ರೆ ಬೇಳೆ ಮುಡಿಸ್ತೀಯಲ್ಲೋ," ಎಂದು ಒಬ್ಬಳು ಬೈದಳು. ಅಂಗಳವೆಲ್ಲ ನಕ್ಕಿತು.

ಖಾಕಿ ಕಂಡದ್ದೇ ನಗು ಕತ್ತರಿಸಿದಂತೆ ನಿಂತಿತು. ಮುನಿವೆಂಕಟಮ್ಮ ಎದ್ದು, ಕುರ್ಚಿಗೆ ಅಡ್ಡ ನಿಂತಳು.

"ನಾನೇ ಕದ್ದಿದ್ದು ಬುದ್ಧಿ. ನನ್ನ ಹಿಡ್ಕೊಂಡೋಗಿ. ಅವನ್ನ ಇನ್ನೊಂದು ಗಳಿಗೆ ಅದ್ರಾಗೇ ಕೂರಾಕೆ ಬಿಡಿ."

"ಎಷ್ಟು ಹೊತ್ತಿಗೆ ಕದ್ದೆ?"

"ಹೊತ್ತು... ಆಗ್ಲೇ ಕದ್ದೆ."

"ಯಾವ ಬಾಗಿಲಿಂದ?"

ಅವಳು ಸೆರಗು ಸಿಕ್ಕಿಸಿ ಕುರ್ಚಿಗೆ ಇನ್ನಷ್ಟು ಒತ್ತಿ ನಿಂತಳು. ಅಷ್ಟರಲ್ಲಿ ಟಪ್ ಎಂದು ಬೇಳೆಯೊಂದು ಬಂದು ಇನ್ಸ್‌ಪೆಕ್ಟರ ಎದೆಯ ಗುಂಡಿಗೆ ಬಡಿಯಿತು. ವೆಂಕಟಾಚಲ ಲಾಠಿಗೆ ಕೈ ಹಾಕಿದ.

"ಹೊಡೀಬ್ಯಾಡಿ, ಅದು ಅವನ ಮಾತು," ಎಂದಳು ಮುನಿವೆಂಕಟಮ್ಮ. "ಬೇಳೆ ಹಾರಿಸಿದ್ರೆ ಹೌದು. ಸಿಪ್ಪೆ ಬಿಸಾಕಿದ್ರೆ ಇಲ್ಲ. ಅವ್ನೇ ಕಟ್ಕೊಂಡಿದ್ದು."

ಮರುಳಸಿದ್ದಪ್ಪನವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಅವರ ನೌಕರಿಯಲ್ಲಿ ಇಂಥ ವಿಚಾರಣೆ ಮೊದಲು.

"ಚಿಕ್ಕಬೈರಪ್ಪ, ಈಯಮ್ಮ ನಿನ್ನ ಕರ್ಕೊಂಡು ಬಂದ್ಲಾ?"

ಸಿಪ್ಪೆ.

"ಕುರ್ಚಿ ತಂದಿದ್ದು ನೀನೇನಾ?"

ಬೇಳೆ. ಈ ಸಲ ಹಣೆಗೆ.

"ಅದು ತಪ್ಪು ಅಂತ ಗೊತ್ತಿತ್ತಾ?"

ಚಿಕ್ಕಬೈರಪ್ಪ ಒಂದು ಬೇಳೆ ಹಾರಿಸಿದ. ಹಿಂದೆಯೇ ಒಂದು ಸಿಪ್ಪೆಯನ್ನೂ ಎಸೆದ.

"ವಕೀಲರ ಥರ ಹೇಳ್ತಾನಲ್ಲ ಸಾರ್!" ವೆಂಕಟಾಚಲ ಲಾಠಿ ಬಿಟ್ಟ.

"ಇವನಿಗೆ ಬುದ್ಧಿ ಇಲ್ಲ ಅಂತ ಹೇಳಿದೀನಲ್ಲ!" ಬದರಿನಾಥರ ದನಿ ಏರಿತು.

"ಸಾರ್, ಒಂದು ತೀರ್ಮಾನ ಮಾಡಿ," ಎಂದರು ಇನ್ಸ್‌ಪೆಕ್ಟರು. " ಬುದ್ಧಿ ಇಲ್ಲ ಅಂದ್ರೆ ಕಳ್ಳತನವೇ ಆಗಲ್ಲ, ಕೇಸಿಲ್ಲ. ಇದೆ ಅಂದ್ರೆ ಇವರು ತಾವಾಗಿ ಎದ್ದು ಬಂದಿದಾರೆ, ಅಪಹರಣ ಇಲ್ಲ. ಆಗ ಇವರನ್ನ ಕೇಳದೆ ಗೇಟಿಗೆ ಬೀಗ ಹಾಕೋ ಹಾಗೂ ಇಲ್ಲ."

ಬದರಿನಾಥರು ಜಗಲಿಯ ಮೇಲೆ ಕುಸಿದು ಕೂತರು. "ಬಿದ್ದು ಗಿದ್ದು ಏನಾದ್ರೂ ಆದ್ರೆ? ಒಬ್ಬರಿಗೂ ಒಂದು ಗೀರು ಆಗದ ಹಾಗೆ ನೋಡ್ಕೊಂಡಿದೀನಿ, ಸ್ವಾಮಿ. ರಾತ್ರಿ ನಿದ್ದೆ ಮಾಡಲ್ಲ ನಾನು." ಅದು ಸುಳ್ಳಲ್ಲವೆಂದು ಅವರ ಕಣ್ಣಿನಡಿಯ ಕಪ್ಪು ಹೇಳುತ್ತಿತ್ತು.

ಚಿಕ್ಕಬೈರಪ್ಪ ಅವರನ್ನೇ ನೋಡಿದ. ಚಕ್ರ ಉರುಳಿಸಿಕೊಂಡು ಹತ್ತಿರ ಹೋಗಿ, ಒಂದು ಹಿಡಿ ನೆನೆದ ಕಾಳನ್ನು ಅವರ ಮಡಿಲಿಗೆ ಸುರಿದ. ಬದರಿನಾಥರು ಏನು ಮಾಡಬೇಕೆಂದು ತಿಳಿಯದೆ ಒಂದು ಕಾಳು ಹಿತುಕಿದರು. ಬೇಳೆ ಅವರ ಮೂಗಿಗೇ ಬಡಿಯಿತು. ಮೊದಲು ನಕ್ಕವಳು ಮುನಿವೆಂಕಟಮ್ಮ. ಕೊನೆಗೆ, ತಡೆದು ತಡೆದು, ಬದರಿನಾಥರು.

"ನಿಲಯಕ್ಕೆ ವಾಪಸ್ ಹೋಗ್ತೀಯೇನಪ್ಪ?" ಇನ್ಸ್‌ಪೆಕ್ಟರು ಕೇಳಿದರು.

ಸಿಪ್ಪೆ.

"ಇಲ್ಲೇ ಇದ್ದುಬಿಡ್ತೀಯಾ?"

ಅದಕ್ಕೂ ಸಿಪ್ಪೆ. ಆಮೇಲೆ ಅವನು ದಾರಿಯತ್ತ ಕೈ ಮಾಡಿ, ಅಂಗಳದತ್ತ ತಂದು, ಮತ್ತೆ ದಾರಿಯತ್ತ ಒಯ್ದ. ಮಗ್ಗದ ಲಾಳಿಯ ಹಾಗೆ.

"ಹಗಲು ಬರೋದು, ರಾತ್ರಿ ಅಲ್ಲಿ ಮಲಗೋದು?"

ಬೇಳೆ, ಬೇಳೆ, ಬೇಳೆ.

ದೂರು ದಾಖಲಾಗಿದ್ದ ಮೇಲೆ ಕ್ರಮ ಬಿಡುವಂತಿಲ್ಲ. ಸಂಜೆ ಆರಕ್ಕೆ ಚಿಕ್ಕಬೈರಪ್ಪನನ್ನು ಕಳವಿನ ಆರೋಪದ ಮೇಲೆ ದಸ್ತಗಿರಿ ಮಾಡಲಾಯಿತು. "ನಿಮ್ಮನ್ನ ಅರೆಸ್ಟ್ ಮಾಡಿದೀನಿ," ಎಂದು ಇನ್ಸ್‌ಪೆಕ್ಟರು ಬಹುವಚನದಲ್ಲಿ ಹೇಳಿದಾಗ ಅವನು ಬೆನ್ನು ನೆಟ್ಟಗೆ ಮಾಡಿ, ಹಾರ ಸರಿಪಡಿಸಿಕೊಂಡು, ಬಲ ಹೆಬ್ಬೆರಳನ್ನು ತಾನೇ ಮುಂದೆ ಚಾಚಿದ. ಕಾಗದಕ್ಕೆ ಶಾಯಿಯ ಜೊತೆ ಸೊಗಡೂ ಅಂಟಿತು.

"ಸಾರ್, ಮುದ್ದೆಮಾಲು?" ವೆಂಕಟಾಚಲ ಕುರ್ಚಿ ತೋರಿಸಿದ. "ಜಪ್ತಿ ಮಾಡಿ ಠಾಣೆಗೆ ಒಯ್ಯಬೇಕಲ್ಲ?"

ಚಿಕ್ಕಬೈರಪ್ಪನ ಬೆರಳುಗಳು ಗಾಲಿಯನ್ನು ಬಿಗಿದುಕೊಂಡವು. ಇಳಿಸುವ ಹೊತ್ತು ಬಂತೇ ಎಂದು ಅವನ ಕಣ್ಣು ಎಲ್ಲರ ಮುಖದ ಮೇಲೂ ಓಡಾಡಿತು.

"ಜಪ್ತಿ ಆಯ್ತು. ಯಾರಾದ್ರೂ ಜೋಪಾನವಾಗಿ ಇಟ್ಕೋಬೇಕಷ್ಟೆ," ಎಂದರು ಇನ್ಸ್‌ಪೆಕ್ಟರು. "ಫಿರ್ಯಾದಿಗಳು ಒಪ್ಪಿದ್ರೆ ಆರೋಪಿ ಸುಪರ್ದಿಗೇ ಕೊಡೋಣ."

ಬದರಿನಾಥರು ಮಡಿಲ ಕಾಳಿನಿಂದ ತಲೆಯೆತ್ತಲಿಲ್ಲ. "ಒಪ್ಪಿದೆ. ಬ್ರೇಕು ಸರಿಯಾಗಿ ಹಾಕ್ಲಿ."

ಕಿಚ್ಚಿನ ಬೆಳಕಿನಲ್ಲಿ, ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಹಿಂದೆ, ಆರೋಪಿಯು ಮುದ್ದೆಮಾಲಿನ ಮೇಲೆ ಕೂತು ಠಾಣೆಯವರೆಗೆ ಸವಾರಿ ಹೊರಟ. ಬೋರಣ್ಣನ ಗಾಡಿಯ ಹಗ್ಗ, ಹಿಂದೆ ಮೊರ ಹೊತ್ತ ಹೆಂಗಸರು.

ವಾರದೊಳಗೆ ಬದರಿನಾಥರು ದೂರು ಹಿಂತೆಗೆದುಕೊಂಡರು, ಮುನಿವೆಂಕಟಮ್ಮ ಮತ್ತೆ ಕೆಲಸಕ್ಕೆ ಸೇರಿದಳು. ಆ ಚಳಿಗಾಲವೆಲ್ಲ ಛಾಯಾ ನಿಲಯದ ನೆಲ ಸಿಪ್ಪೆಯಿಂದ ಹಾಳಾಯಿತು, ಗಲಾಟೆಗೆ ಎದುರು ಮನೆಯವರಿಗೆ ಮಧ್ಯಾಹ್ನದ ನಿದ್ದೆ ತಪ್ಪಿತು.

ಕೇಸು ಮುಗಿಸಿದ ಕಡತದಲ್ಲಿ, ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಮರುಳಸಿದ್ದಪ್ಪನವರು ಅವರೆಕಾಯಿಯ ಆಸೆ ಎಂದು ಬರೆಯಹೋಗಿ ಬಿಟ್ಟರು. ಕೊನೆಗೆ ಬರೆದದ್ದು ಇಷ್ಟು: "ನೋಡಲು ಬಂದವರು ಹೋದ ಮೇಲೆ ಕುರ್ಚಿಯಿಂದ ಇಳಿಯಲು ಆರೋಪಿಗೆ ಮನಸ್ಸಿರಲಿಲ್ಲ."