ರನ್‌ವೇ ಕಂಡಾಗ ನಕ್ಕಿದ್ದೇಕೆ

"ನಕ್ಕಿದ್ದು ಯಾಕೆ?"

ವಿಚಾರಣಾ ಸಮಿತಿಯ ಮುಖ್ಯಸ್ಥೆ ಮೂರನೇ ಸಲ ಕೇಳಿದರು. ನರೆತ ಕೂದಲಿನ ಹಳೆಯ ಪೈಲಟ್ ಆಕೆ. ಕನ್ನಡಕದ ಮೇಲಿಂದ ನೋಡಿದರೆ ಎದುರಿಗಿದ್ದವರು ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕು, ಅಂಥ ನೋಟ.

"ನೆನಪಿಲ್ಲ ಮೇಡಂ," ಅಂದಳು ಪುಟ್ಟಿ. ಅದು ಹಸಿ ಸುಳ್ಳು.

ಪುಟ್ಟಿ ಅಂತ ಕರೆಯುವುದು ಮನೆಯಲ್ಲಿ. ಕೆಲಸದಲ್ಲಿ ಅವಳು ದೊಡ್ಡ ವಿಮಾನದ ಕೋ-ಪೈಲಟ್. ಹೋದ ವಾರ ಅವಳೂ ಅವಳ ಕ್ಯಾಪ್ಟನ್ನೂ ಸೇರಿ ಆ ವಿಮಾನವನ್ನು ತಪ್ಪು ಏರ್‌ಪೋರ್ಟಿನಲ್ಲಿ ಇಳಿಸಿಬಿಟ್ಟಿದ್ದರು. ಹೋಗಬೇಕಾಗಿದ್ದ ಊರಿಗಿಂತ ತುಸು ಮೊದಲೇ, ಅದೇ ದಿಕ್ಕಿಗೆ ಚಾಚಿಕೊಂಡ ಇನ್ನೊಂದು ರನ್‌ವೇ ಇತ್ತು. ಹಾರಾಟ ಕಲಿಯುವವರು ಪುಟಾಣಿ ವಿಮಾನ ಓಡಿಸುವ ಜಾಗ. ಬ್ರೇಕಿನಿಂದ ಹೊಗೆ ಬಂದು, ವಿಮಾನ ರನ್‌ವೇಯ ಅಂಚಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪ್ರಯಾಣಿಕರನ್ನು ಬಸ್ಸಿನಲ್ಲಿ ಕಳಿಸಿದರು. ಮರ್ಯಾದೆ ಮಾತ್ರ ಅಲ್ಲೇ ಉಳಿಯಿತು.

ಕಾಕ್‌ಪಿಟ್ಟಿನ ರೆಕಾರ್ಡಿಂಗ್ ಹಾಕಿ ಕೇಳಿದರೆ, ಇಳಿಯುವ ಮುಂಚೆ ಮಾತೇ ಇಲ್ಲ. ಒಂದು ನಗು ಇದೆ. ಹೆಣ್ಣಿನ ನಗು. ಸಾಲದೇ? ಕಂಪನಿಯ ಕ್ಯಾಂಟೀನಿನಲ್ಲಿ ಜನ ಆ ಒಂದು ನಗುವಿನ ಮೇಲೆ ಮೂರು ಮಹಡಿ ಕಟ್ಟಿದರು. ಇಬ್ಬರಿಗೂ ಏನೋ ನಡೀತಿದೆ ಅಂದರು. ರನ್‌ವೇ ನೋಡುವುದು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದರಂತೆ ಅಂದರು.

ಇದನ್ನು ಕೇಳಿ ಪುಟ್ಟಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆ ಕ್ಯಾಪ್ಟನ್‌ಗೆ ಸಿಬ್ಬಂದಿಯೆಲ್ಲ ಸೇರಿ ಇಟ್ಟ ಹೆಸರು ಗುಮ್ಮನಗುಸುಕ. ಅವನ ಜೊತೆ ಅವಳು ಆಡಿದ ಮಾತೆಲ್ಲ ಸೇರಿಸಿದರೂ ಒಂದು ಕಪ್ ಕಾಫಿ ಆರುವಷ್ಟು ಹೊತ್ತಾಗುತ್ತಿರಲಿಲ್ಲ.

ಮನೆಯಲ್ಲೂ ಅದೇ ಗೋಳು. ಅಕ್ಕ ಬಟ್ಟೆ ಮಡಚುತ್ತಾ ಮೆಲ್ಲಗೆ ಶುರು ಮಾಡಿದಳು.

"ನಿಜ ಹೇಳೇ ಪುಟ್ಟಿ. ಏನಾದ್ರೂ ಇದೆಯಾ?"

"ಏನೂ ಇಲ್ಲಕ್ಕ. ಆ ಮನುಷ್ಯ ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅನ್ನೋ ಹಾಗೆ ಕೂತಿರ್ತಾರೆ."

"ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ಹೊಗೆ ಬಂದಿದ್ದು ಬ್ರೇಕಿಂದ."

ಭಾವ ಪೇಪರಿನ ಹಿಂದೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು. ಅಕ್ಕ ನಂಬಲಿಲ್ಲ. ತಂಗಿಯ ಫೋನ್ ಮಿನುಗಿದಾಗಲೆಲ್ಲ ಅವಳ ಕುತ್ತಿಗೆ ಉದ್ದವಾಗುತ್ತಿತ್ತು.

ಪುಟ್ಟಿಯ ಒಳಗಿದ್ದ ಅನುಮಾನವೇ ಬೇರೆ. ಟ್ರೇನಿಂಗ್ ವಿಭಾಗದ ಮುಖ್ಯಸ್ಥ ಅವಳನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಕಿವಿಯಲ್ಲಿ ಊದಿದ್ದ. "ಕ್ಯಾಪ್ಟನ್ ಏನೋ ತಮಾಷೆ ಮಾಡಿದ್ರು, ಅದಕ್ಕೆ ನಕ್ಕೆ ಅಂತ ಹೇಳಿಬಿಡಿ. ರೆಕಾರ್ಡಿಂಗಲ್ಲಿ ಕೇಳದಷ್ಟು ಮೆಲ್ಲಗೆ ಅಂದ್ರು ಅನ್ನಿ. ಇಳಿಯೋ ಹೊತ್ತಲ್ಲಿ ಹರಟೆ ಹೊಡೆಯೋದು ಅವರ ತಪ್ಪಾಗುತ್ತೆ. ನಿಮ್ಮ ಲೈಸೆನ್ಸ್ ಉಳಿಯುತ್ತೆ." ತಪ್ಪೆಲ್ಲ ಒಬ್ಬನ ತಲೆಗೆ ಕಟ್ಟಿದರೆ ಟ್ರೇನಿಂಗ್ ಸರಿಯಿತ್ತಾ ಅಂತ ಯಾರೂ ಕೇಳುವುದಿಲ್ಲ; ಅದು ಆತನ ಲೆಕ್ಕ. ಇದೇ ಮಾತನ್ನು ತಿರುಗಿಸಿ ಗುಮ್ಮನಗುಸುಕನಿಗೂ ಹೇಳಿರುತ್ತಾನಲ್ಲವೇ? ಅವಳು ನಕ್ಕಳು, ಅದನ್ನು ಒಪ್ಪಿಗೆ ಅಂದುಕೊಂಡು ಇಳಿಸಿದೆ ಅಂತ ಅವನು ಹೇಳಿದರೆ ಅವಳ ಕಥೆ ಮುಗಿಯಿತು. ಅವನು ಹೇಳುವ ಮುಂಚೆ ತಾನೇ ಹೇಳಿಬಿಡಬೇಕಾ ಅನ್ನುವ ಯೋಚನೆ ಅವಳನ್ನು ಬಿಡಲಿಲ್ಲ.

ಇಬ್ಬರೂ ಭೇಟಿಯಾಗಬಾರದು, ಫೋನ್ ಮಾಡಬಾರದು ಅಂತ ಕಂಪನಿಯ ಆದೇಶ. ಇಬ್ಬರ ಕಣ್ಣೂ ಪರೀಕ್ಷೆಯಾಗಬೇಕು ಅಂತಲೂ ಅದೇ ಕಂಪನಿಯ ಆದೇಶ. ಎರಡನ್ನೂ ಹೊರಡಿಸಿದವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳಲಿಲ್ಲ ಅಂತ ಕಾಣುತ್ತದೆ.

ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಪುಟ್ಟಿಯ ಕಣ್ಣಿಗೆ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದ್ದಳು. ಹತ್ತಿರದ್ದೆಲ್ಲ ಕಲಸಿಹೋಗಿತ್ತು. ಅವಳ ಪಕ್ಕಕ್ಕೆ ಇನ್ನೊಬ್ಬರನ್ನು ತಂದು ಕೂರಿಸಿದ್ದು ಗೊತ್ತಾಯಿತು.

"ಇನ್ನೂ ಎಷ್ಟು ಹೊತ್ತಾಗುತ್ತೆ ಸಿಸ್ಟರ್?" ಅಂದಿತು ಆ ಧ್ವನಿ.

ಪುಟ್ಟಿಯ ಬೆನ್ನು ನೆಟ್ಟಗಾಯಿತು. ಈ ಧ್ವನಿಯನ್ನು ಹೆಡ್‌ಫೋನಿನಲ್ಲಿ ಎಷ್ಟು ಸಲ ಕೇಳಿಲ್ಲ.

"ನನ್ನ ಹೇಳಿಕೆ ತಿದ್ದಿಸೋಕೆ ಬಂದ್ರಾ ಸರ್?"

ಅವನು ಬೆಚ್ಚಿದ. ಆಮೇಲೆ ನಿಧಾನವಾಗಿ ಅಂದ. "ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಯಾರಾದ್ರೂ ಸಂಚು ಮಾಡ್ತಾರಾ?"

"ಮಾಡೋರು ಹೇಗಾದ್ರೂ ಮಾಡ್ತಾರೆ."

"ನನಗೆ ನಿಮ್ಮ ಮೂಗು ಎಲ್ಲಿದೆ ಅಂತಲೇ ಕಾಣ್ತಿಲ್ಲ."

ಅವಳಿಗೂ ಅವನು ಒಂದು ನೀಲಿ ಶರ್ಟಿನ ಬಣ್ಣ, ಅದರ ಮೇಲೊಂದು ಮಸುಕು, ಅಷ್ಟೇ. ಮುಖ ಕಾಣದ್ದಕ್ಕೋ ಏನೋ ನಾಲಿಗೆಗೆ ಧೈರ್ಯ ಬಂತು.

"ನೀವು ತಮಾಷೆ ಮಾಡಿದ್ದಕ್ಕೆ ನಕ್ಕೆ ಅಂತ ಹೇಳು ಅಂದಿದಾರೆ ನನಗೆ."

"ಹೂಂ."

"ಹೂಂ ಅಂದ್ರೆ? ಕೋಪದ ಹೂಂ ಆ, ಬೇಜಾರಿನ ಹೂಂ ಆ? ಮುಖ ಕಾಣ್ತಿಲ್ಲ, ಬಿಡಿಸಿ ಹೇಳಿ."

"ಭಯದ್ದು," ಅಂದ ಗುಮ್ಮನಗುಸುಕ.

ಆ ಒಂದು ಮಾತಿಗೆ ಪುಟ್ಟಿಯ ಮನಸ್ಸು ತುಸು ಸಡಿಲವಾಯಿತು. ಹೆದರಿದವನು ಅವನೊಬ್ಬನೇ ಅಲ್ಲವಲ್ಲ.

"ನಿಜವಾಗ್ಲೂ ಯಾಕೆ ನಕ್ರಿ?" ಅವನು ಕೇಳಿದ.

ಅವಳು ಹೇಳಿದಳು. ಸರಿಯಾದ ರನ್‌ವೇ ಯಾವ ಕಡೆಗಿದೆ ಅಂತ ಮುಂದಿನ ಗಡಿಯಾರದಂಥ ಯಂತ್ರದಲ್ಲಿ ಒಂದು ಮುಳ್ಳು ತೋರಿಸುತ್ತಿರುತ್ತದೆ. ವಿಮಾನ ಸರಿಯಾಗಿ ಹೋಗುತ್ತಿದ್ದರೆ ಅದು ನಡುವೆ ನಿಲ್ಲಬೇಕು. ಆವತ್ತು ಪಕ್ಕಕ್ಕೆ ವಾಲಿತ್ತು. ಆಕಾಶ ತಿಳಿಯಾಗಿತ್ತು, ಎದುರಿಗೆ ರನ್‌ವೇ ಕಣ್ಣಿಗೆ ಹೊಡೆಯುವ ಹಾಗಿತ್ತು. ಮುಳ್ಳೇ ಕೆಟ್ಟಿರಬೇಕು ಅಂದುಕೊಂಡಳು.

"ಆದ್ರೂ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀವು ತಿರುಗಿ ನೋಡಿದ್ರಿ. ಇಷ್ಟು ವರ್ಷ ಹಾರಿಸಿದೋರ ಮುಂದೆ ನಾನೇನು ಹೇಳೋದು ಅಂತ ಸಂಕೋಚ ಆಯ್ತು. ನಗು ಬಂತು."

ಆ ನೀಲಿ ಮಸುಕು ಮುಂದಕ್ಕೆ ಬಾಗಿತು.

"ನಾನು ತಿರುಗಿದ್ದು ಯಾಕೆ ಗೊತ್ತಾ? ರನ್‌ವೇ ಗಿಡ್ಡ ಇದೆ ಅನ್ನಿಸ್ತು. ನಿಮಗೂ ಹಾಗೇ ಅನ್ಸುತ್ತಾ ಅಂತ ನೋಡಿದೆ. ನೀವು ನಕ್ರಿ. ಇವರಿಗೆ ಅನುಮಾನ ಇಲ್ಲ, ನನ್ನದೇ ಭ್ರಮೆ ಅಂದ್ಕೊಂಡೆ."

"ಕೇಳೋಕೆ ಏನಾಗಿತ್ತು ನಿಮಗೆ?"

"ಹೇಳೋಕೆ ಏನಾಗಿತ್ತು ನಿಮಗೆ?"

ಮುಳ್ಳು ವಾಲಿದೆ ಅಂತ ಅವಳು, ರನ್‌ವೇ ಗಿಡ್ಡ ಇದೆ ಅಂತ ಅವನು, ಯಾರಾದರೊಬ್ಬರು ಅಂದಿದ್ದರೆ ಸಾಕಿತ್ತು. ವಿಮಾನವನ್ನು ಮತ್ತೆ ಮೇಲಕ್ಕೆತ್ತಿ, ಒಂದು ಸುತ್ತು ಹಾಕಿ, ನಿಧಾನವಾಗಿ ಯೋಚಿಸಬಹುದಿತ್ತು. ಅನುಮಾನ ಬಂದರೆ ಮೊದಲು ಮೇಲೇಳು, ಆಮೇಲೆ ವಾದ ಮಾಡು ಅಂತ ಕಲಿಸುವುದು ಇದಕ್ಕೇ. ಕಲಿತಿದ್ದರು ಇಬ್ಬರೂ. ದಾಕ್ಷಿಣ್ಯ ಅಡ್ಡ ಬಂದಿತ್ತು.

"ನನ್ನ ಮುಖ ನೋಡ್ಕೊಂಡು ಯಾರಾದ್ರೂ ವಿಮಾನ ಇಳಿಸ್ತಾರಾ ಸರ್?" ಅವಳ ಸ್ವರದಲ್ಲಿ ಸಿಟ್ಟು ಅರ್ಧ ಇಳಿದಿತ್ತು.

"ಇಳಿಸಬಾರದು." ಅವನು ತಡೆದು ಹೇಳಿದ. "ಆದ್ರೆ ನೋಡೋ ಹಾಗಿತ್ತು."

ಪುಟ್ಟಿಯ ಕಿವಿ ಬಿಸಿಯಾಯಿತು. ಅವಳು ಆ ಮಸುಕಿನ ಕಡೆಗೆ ತಿರುಗಿದಳು, ಅದೂ ಅವಳ ಕಡೆಗೆ ತಿರುಗಿದ ಹಾಗಿತ್ತು. ಕಣ್ಣಿಗೆ ಕಣ್ಣು ಸಿಕ್ಕಿತೋ ಇಲ್ಲವೋ ದೇವರಿಗೇ ಗೊತ್ತು. ಮರುಕ್ಷಣವೇ ಹಾಳು ಅನುಮಾನ ತಲೆ ಎತ್ತಿತು. ಬೆಣ್ಣೆ ಹಚ್ಚುತ್ತಿದ್ದಾನಾ? ಸೋಮವಾರ ಸಮಿತಿ ಇಬ್ಬರನ್ನೂ ಮತ್ತೆ ಕರೆದಿತ್ತು; ಅಲ್ಲಿ ಅವಳ ಬಾಯಿ ಕಟ್ಟುವ ಉಪಾಯವಾ ಇದು?

ಸೋಮವಾರ ಅವನನ್ನು ಮೊದಲು ಒಳಗೆ ಕರೆದರು. ಹೊರಗೆ ಬಂದವನು ಅವಳ ಕಡೆ ನೋಡಲೇ ಇಲ್ಲ. ನೆಲ ನೋಡುತ್ತಾ ಹೋಗಿಬಿಟ್ಟ. ಬಾಗಿಲಲ್ಲೇ ನಿಂತಿದ್ದ ಟ್ರೇನಿಂಗ್ ಮುಖ್ಯಸ್ಥ ಪಿಸುಗುಟ್ಟಿದ. "ನಿಮ್ಮ ನಗುವಿನ ವಿಷಯ ಹೇಳಿದಾರೆ. ಇನ್ನು ನಿಮ್ಮಿಷ್ಟ."

ಅಂದುಕೊಂಡ ಹಾಗೇ ಆಯಿತಲ್ಲ. ನೋಡೋ ಹಾಗಿತ್ತಂತೆ, ಮುಖ. ಒಳಗೆ ಹೋಗಿ ಕೂತಾಗ ತಮಾಷೆಯ ಕಥೆ ನಾಲಿಗೆಯ ತುದಿಯಲ್ಲೇ ಇತ್ತು.

"ನಕ್ಕಿದ್ದು ಯಾಕೆ?"

ಅವನು ಏನೇ ಹೇಳಿರಲಿ, ಮುಳ್ಳು ವಾಲಿದ್ದು ನಿಜ. ಅದನ್ನು ನೋಡಿದ್ದು ಅವಳೊಬ್ಬಳೇ. ಇದನ್ನು ಮುಚ್ಚಿಟ್ಟರೆ ನಾಳೆ ಇನ್ನೊಬ್ಬಳು ಕೋ-ಪೈಲಟ್ ಇನ್ನೊಬ್ಬ ಕ್ಯಾಪ್ಟನ್ ಮುಂದೆ ಹೀಗೇ ನಕ್ಕು ಸುಮ್ಮನಾಗುತ್ತಾಳೆ. ಆ ವಿಮಾನ ಅಂಚಿನಲ್ಲಿ ನಿಲ್ಲುತ್ತದೆ ಅಂತ ಏನು ಗ್ಯಾರಂಟಿ? ಪುಟ್ಟಿ ಎಲ್ಲವನ್ನೂ ಹೇಳಿದಳು. ಮೊದಲ ದಿನ ಸುಳ್ಳು ಹೇಳಿದ್ದನ್ನೂ ಸೇರಿಸಿ.

ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಕ್ಯಾಪ್ಟನ್ ಏನಂದ್ರು ಗೊತ್ತಾ? ರನ್‌ವೇ ಗಿಡ್ಡ ಅಂತ ನನಗೆ ಅನ್ನಿಸಿತ್ತು, ಬಾಯಿಬಿಟ್ಟು ಕೇಳಬೇಕಾದ ಕಡೆ ಮುಖ ನೋಡಿದೆ. ಅವರು ಸಂಕೋಚದಲ್ಲಿ ನಕ್ಕರೆ ಅದು ನಾನು ಬಾಯಿ ಮುಚ್ಚಿಕೊಂಡು ಕೂತ ರೀತಿಯ ತಪ್ಪು. ಹಾಗಂದ್ರು."

ಪುಟ್ಟಿ ತಲೆ ತಗ್ಗಿಸಿದಳು. ಅನುಮಾನಪಟ್ಟ ಒಂದೊಂದು ಕ್ಷಣಕ್ಕೂ ನಾಚಿಕೆಯಾಯಿತು.

"ಇನ್ನೊಂದು ಪ್ರಶ್ನೆ. ಇಷ್ಟವಿಲ್ಲದಿದ್ರೂ ಕೇಳಬೇಕು. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಇತ್ತಾ?"

"ಅವರೇನು ಹೇಳಿದ್ರು ಮೇಡಂ?"

ಮುಖ್ಯಸ್ಥೆಯ ತುಟಿಯಂಚು ಸ್ವಲ್ಪವೇ ಅಲುಗಿತು. "ಆವತ್ತು ಇರಲಿಲ್ಲ ಅಂದ್ರು."

ಪುಟ್ಟಿ ಆ ಮಾತನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಆಮೇಲೆ, "ನನ್ನದೂ ಅದೇ ಉತ್ತರ," ಅಂದಳು.

ತೀರ್ಪು ಮಧ್ಯಾಹ್ನವೇ ಬಂತು. ಲೈಸೆನ್ಸ್ ಇಬ್ಬರದ್ದೂ ಉಳಿಯಿತು, ಆದರೆ ಹಾರಾಟ ಬಂದ್, ಮೊದಲಿನಿಂದ ಟ್ರೇನಿಂಗ್. ಅವನ ಕ್ಯಾಪ್ಟನ್ ಸೀಟು ಸದ್ಯಕ್ಕೆ ಹೋಯಿತು. ಎಷ್ಟೇ ತಿಳಿಯಾದ ಆಕಾಶವಿದ್ದರೂ ಮುಳ್ಳು ಎಲ್ಲಿದೆ ಅಂತ ಇನ್ನು ಮುಂದೆ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಇಬ್ಬರಲ್ಲಿ ಯಾರು ಬೇಡ ಅಂದರೂ, ಕಾರಣ ಕೇಳದೆ ವಿಮಾನ ಮೇಲೇಳಬೇಕು. ಕೊನೆಯಲ್ಲಿ ಇನ್ನೊಂದು ಸಾಲು: ಇವರಿಬ್ಬರನ್ನು ಮತ್ತೆ ಒಂದೇ ಕಾಕ್‌ಪಿಟ್ಟಿಗೆ ಹಾಕಬಾರದು.

ಅವನು ಆಫೀಸಿನ ಹೊರಗೆ, ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಈಗ ಪುಟ್ಟಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು: ಗಲ್ಲದ ಮೇಲಿನ ಸಣ್ಣ ಗಾಯದ ಗುರುತು, ನಿದ್ದೆಯಿಲ್ಲದೆ ಕೆಂಪಾದ ಕಣ್ಣು, ಅವಳನ್ನು ಕಂಡು ನೆಟ್ಟಗೆ ನಿಂತ ಭುಜ.

"ನಿಮ್ಮ ಸೀಟು ಹೋಯ್ತು," ಅಂದಳು.

"ಮತ್ತೆ ಸಿಗುತ್ತೆ. ಜೊತೆಗೆ ಹಾರೋದು ಮಾತ್ರ ಇನ್ನಿಲ್ಲ."

"ನೀವು ನನ್ನ ಹೆಸರು ಹೇಳಿ ತಪ್ಪಿಸ್ಕೋತೀರಿ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ, ನಿಮ್ಮ ಬಗ್ಗೆ."

ಅವನು ಅವಳನ್ನು ನೋಡಿದ. ಕೇಳಬೇಕಾದದ್ದೆಲ್ಲ ಆ ನೋಟದಲ್ಲಿತ್ತು. ಪುಟ್ಟಿಯ ತುಟಿಗೂ ಉತ್ತರದ ನಗು ಬಂದೇಬಿಟ್ಟಿತ್ತು. ಅವಳು ಅದನ್ನು ಅಲ್ಲೇ ತಡೆದಳು.

"ಊಹೂಂ. ನೋಡಬೇಡಿ. ಕೇಳಿ."

ಅವನು ಒಂದು ಹೆಜ್ಜೆ ಮುಂದೆ ಬಂದ. ಮೆಟ್ಟಿಲಿಳಿದು ಬರುತ್ತಿದ್ದ ಜನರ ಎದುರೇ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳಿದ.

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ," ಅಂದಳು ಪುಟ್ಟಿ. ಆಮೇಲೆ ನಕ್ಕಳು.