ಡಬ್ಬಿಯಿಂದ ಕಿತ್ತ ಚೀಟಿ

"ಈ ಡಬ್ಬಿ ಮೇಲೆ ಹೆಸರೇ ಇಲ್ವಲ್ಲಮ್ಮ... ಮಾತ್ರೆ ಯಾರದು?"

ಪರದೇಶದ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಡಬ್ಬಿಯನ್ನು ಬೆಳಕಿಗೆ ಹಿಡಿದ. ಅವಳು ಕೈಚೀಲದಿಂದ ಪತ್ರ ತೆಗೆದು ಮುಂದಿಟ್ಟಳು.

"ನಂದೇ ಸರ್. ಫಿಟ್ಸ್‌ಗೆ. ಡಾಕ್ಟರ್ ಪತ್ರ ಇದೆ, ನೋಡಿ."

"ಪತ್ರ ಸರಿಯಾಗಿದೆ. ಆದ್ರೆ ಇದು ನಿಯಂತ್ರಿತ ಔಷಧಿ. ಔಷಧಿ ಅಂಗಡಿಯವರು ನಿಮ್ಮ ಹೆಸರು ಹಾಕಿ ಡಬ್ಬಿಗೆ ಅಂಟಿಸಿದ ಚೀಟಿ ಇಲ್ಲದೆ ಒಳಗೆ ಬಿಡೋ ಹಾಗಿಲ್ಲ."

ಸಂಜೆಯ ಮಾತ್ರೆ ತಪ್ಪಿದರೆ? ಹೋದ ವರ್ಷ ಒಂದೇ ಒಂದು ಹೊತ್ತು ತಪ್ಪಿದ್ದಕ್ಕೆ ಬಸ್ಸಿನ ಮೆಟ್ಟಿಲ ಮೇಲೆ ಬಿದ್ದಿದ್ದಳು. ಹುಬ್ಬಿನ ಮೇಲಿನ ಗಾಯದ ಗೆರೆ ಇನ್ನೂ ಮಾಸಿಲ್ಲ.

ಚೀಟಿ ಕಿತ್ತವನು ಅವಳ ಗಂಡನೇ! ಮದುವೆಯಾಗಿ ಬರೀ ಇಪ್ಪತ್ತು ದಿನ. ಹೊರಡುವ ದಿನ ಬೆಳಿಗ್ಗೆ ಡಬ್ಬಿಯನ್ನು ಬಿಸಿನೀರಿನ ಹಬೆಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಚೀಟಿ ಬಿಡಿಸುತ್ತಿದ್ದ. ಬಾಗಿಲ ಮರೆಯಿಂದ ಅವಳು ನೋಡಿದ್ದಳು. ಕೇಳಲಿಲ್ಲ. ಕೇಳುವುದೇನು? ಮದುವೆ ಮುಗಿಸಿ ಮೊದಲೇ ಇಲ್ಲಿಗೆ ಬಂದ ಅತ್ತೆ ಹೊರಗೆ ಕಾಯುತ್ತಿರುತ್ತಾರೆ. ಸೊಸೆಯ ಕಾಯಿಲೆ ಅವರ ಕಣ್ಣಿಗೆ ಬೀಳಬಾರದು...

'ಚೀಟಿ ಅಲ್ಲ, ನನ್ನನ್ನೇ ಮುಚ್ಚಿಡೋಕೆ ಹೊರಟಿದ್ದಾರೆ.'

ಅಷ್ಟರಲ್ಲಿ, ಸೂಟ್‌ಕೇಸ್ ತರಲು ಹೋಗಿದ್ದ ಗಂಡ ಓಡಿಬಂದ. ವಿಷಯ ತಿಳಿದು ಅವನ ಮುಖ ಬಿಳಿಚಿಕೊಂಡಿತು. ಪರ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ನಾನೇ ಕಿತ್ತಿದ್ದು ಸರ್. ಲ್ಯಾಬಲ್ಲಿ ಕೆಲಸ ನಂದು, ಚೀಟಿ ಇಲ್ಲದಿದ್ರೆ ಯಾವುದನ್ನೂ ನಂಬಲ್ಲ. ಇವಳು ಬಿದ್ರೆ ನನ್ನ ತಲೆ ಓಡಲ್ಲ. ಮಾತ್ರೆ ಹೆಸರು, ಪ್ರಮಾಣ ಎಲ್ಲಾ ಜೇಬಲ್ಲೇ ಇರಲಿ ಅಂತ..."

"ಫೋಟೊ ತೆಗೆದಿದ್ರೆ ಸಾಕಿತ್ತಲ್ರೀ, ಪುಣ್ಯಾತ್ಮ!" ಅವಳು ಹಣೆ ಚಚ್ಚಿಕೊಂಡಳು.

"ಫೋನ್ ಆಫ್ ಆದ್ರೆ?"

ಅಧಿಕಾರಿ ನಗಲಿಲ್ಲ. ಚೀಟಿ, ಪತ್ರ, ಪಾಸ್‌ಪೋರ್ಟ್ ಮೂರನ್ನೂ ತಾಳೆ ನೋಡಿದ. ಮೂವತ್ತು ದಿನದ ಮಾತ್ರೆ ಬಿಟ್ಟು, ಉಳಿದ ಅರವತ್ತನ್ನು ವಶಕ್ಕೆ ತೆಗೆದುಕೊಂಡ.

"ಇಲ್ಲಿನ ಡಾಕ್ಟರನ್ನ ಬೇಗ ನೋಡಿ."

ಮೇಜು ಬಿಟ್ಟು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವಳ ಕಣ್ಣು ತುಂಬಿತು.

"ಅತ್ತೆಗೆ ಗೊತ್ತಾಗಬಾರದು ಅಂತ ಕಿತ್ರಿ ಅಂದ್ಕೊಂಡಿದ್ದೆ ರೀ."

ಅವನು ತಲೆ ತಗ್ಗಿಸಿದ.

"ಮದುವೆಗೆ ಮುಂಚೆನೇ ಅಮ್ಮನಿಗೆ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಕೊನೆಗೆ ನಿನ್ನೆ ಫೋನಲ್ಲಿ ಹೇಳಿಬಿಟ್ಟೆ... ಹೊರಗೆ ಯಾರೂ ಬಂದಿರಲ್ಲ ಕಣೇ."

ಅವನು ಚೀಟಿಯನ್ನು ಮತ್ತೆ ಡಬ್ಬಿಗೆ ಅಂಟಿಸಲು ನೋಡಿದ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತಿತ್ತು.

"ಅಂಟು ಹೋಗಿದೆ."

ಅವಳು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ಚೀಟಿಯ ಮೇಲೆ ಹೆಬ್ಬೆರಳು ಒತ್ತಿದಳು.

"ನಾನು ಹಿಡ್ಕೊಂಡಿರ್ತೀನಿ. ನಡೀರಿ."